ಮರುಭೂಮಿಗೆ ಮಂಕಿ ಕ್ಯಾಪ್

"ಮರುಭೂಮಿಗೆ ಯಾರಾದ್ರೂ ಸ್ವೆಟರ್ ತಗೊಂಡು ಹೋಗ್ತಾರೇನೇ?" ಎಂದು ನಕ್ಕು, ಸೂಟ್‌ಕೇಸಿನಿಂದ ನನ್ನ ಸ್ವೆಟರನ್ನೂ ಮಂಕಿ ಕ್ಯಾಪನ್ನೂ ತೆಗೆದು ಮಂಚದ ಮೇಲೆ ಎಸೆದವನು ನಾನೇ. ಹೆಂಡತಿ ಏನೂ ಹೇಳಲಿಲ್ಲ. ಅವಳು ಸುಮ್ಮನಿದ್ದಾಳೆ ಅಂದ್ರೆ ನಾನು ಹೆದರಬೇಕಿತ್ತು.

ನಾವು ಹೊರಟಿದ್ದು ನಮೀಬಿಯಾದ ಲ್ಯೂಡೆರಿಟ್ಸ್ ಎಂಬ ಊರಿಗೆ. ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಕೋಲ್ಮನ್ಸ್‌ಕೋಪ್ ಎಂಬ ಪಾಳು ಊರು ಇದೆ. 1908ರಲ್ಲಿ ಅಲ್ಲಿ ಜಕರಾಯಸ್ ಲೆವಾಲ ಎಂಬ ರೈಲ್ವೆ ಕೆಲಸಗಾರನಿಗೆ ಮರಳು ಬಾಚುವಾಗ ವಜ್ರ ಸಿಕ್ಕಿತು. ಅವನು ಅದನ್ನು ಮೇಲ್ವಿಚಾರಕ ಆಗಸ್ಟ್ ಸ್ಟಾಖ್‌ಗೆ ಕೊಟ್ಟ. ಶ್ರೀಮಂತನಾದದ್ದು ಯಾರು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? ಆಮೇಲೆ ಆ ಬೋಳು ಮರಳಿನಲ್ಲಿ ಜರ್ಮನ್ನರು ಆಸ್ಪತ್ರೆ, ಐಸ್ ಕಾರ್ಖಾನೆ, ನಾಟಕ ಆಡುವ ಹಾಲ್ ಎಲ್ಲ ಕಟ್ಟಿದರು. ದಕ್ಷಿಣದಲ್ಲಿ ಇನ್ನೂ ದೊಡ್ಡ ವಜ್ರ ಸಿಕ್ಕ ಮೇಲೆ ಜನ ಅತ್ತ ಜಾರಿದರು. 1956ರ ಹೊತ್ತಿಗೆ ಊರು ಖಾಲಿ.

ಈಗ ಮರಳೇ ಮನೆ ಯಜಮಾನ. ಬಾಗಿಲುಗಳು ಅರ್ಧ ಹೂತಿವೆ, ತೂರಿಕೊಂಡು ಒಳಗೆ ಹೋಗಬೇಕು. ಪೋಸು ಕೊಡಲು ಒಂದು ಕೋಣೆಯ ಮರಳುಗುಡ್ಡ ಹತ್ತಿದವನು ಸೀದಾ ಜಾರಿ ಕಿಟಕಿ ಬುಡಕ್ಕೆ ಬಂದೆ. ಜೇಬು, ಕಿವಿ, ಕ್ಯಾಮೆರಾ, ಎಲ್ಲ ಕಡೆ ಮರಳು. ಲೆನ್ಸ್ ಅರ್ಧ ಹೊರಗೆ ಬಂದು ಕರ್ ಎಂದು ನಿಂತೇ ಹೋಯಿತು. ಗೈಡ್ ಬೇರೆ, "ಇಲ್ಲಿಂದ ಒಂದು ಕಲ್ಲನ್ನೂ ಎತ್ತಬೇಡಿ, ಇದು ವಜ್ರದ ನಿಷೇಧಿತ ಪ್ರದೇಶ" ಎಂದು ಎಚ್ಚರಿಸಿದ್ದ.

ಮಧ್ಯಾಹ್ನ ಡಿಯಾಸ್ ಪಾಯಿಂಟ್‌ಗೆ ಹೋದೆವು. 1488ರಲ್ಲಿ ಪೋರ್ಚುಗೀಸ್ ನಾವಿಕ ಬಾರ್ತೊಲೊಮೆವ್ ಡಿಯಾಸ್ ಶಿಲುಬೆ ನೆಟ್ಟ ಜಾಗ. ಎದುರಿನ ದ್ವೀಪದಲ್ಲಿ ಪೆಂಗ್ವಿನ್‌ಗಳು. ಪೆಂಗ್ವಿನ್ ಇರುವ ಕಡೆ ಹತ್ತಿ ಅಂಗಿ ಹಾಕಿಕೊಂಡು ಹೋದ ಮೊದಲ ಬೆಂಗಳೂರಿಗ ಬಹುಶಃ ನಾನೇ. ಬೆಂಗ್ವೆಲಾ ಎಂಬ ತಣ್ಣನೆಯ ಸಮುದ್ರ ಪ್ರವಾಹದ ಮೇಲಿಂದ ಬರುವ ಗಾಳಿ, ಹಲ್ಲು ಕಟಕಟ. ಹೆಂಡತಿ ನಿಧಾನವಾಗಿ ತನ್ನ ಬ್ಯಾಗ್ ತೆರೆದಳು. ಒಳಗಿಂದ ನನ್ನ ಮಂಕಿ ಕ್ಯಾಪ್ ಹೊರಬಂತು. "ತಗೊಳ್ಳಿ ರೀ," ಅಂದಳು, ಅಷ್ಟೇ. ಕ್ಯಾಮೆರಾ ಕೆಟ್ಟಿದ್ದು ಎಷ್ಟು ಒಳ್ಳೆಯದಾಯಿತು!

ರಾತ್ರಿ ರೂಮಿನಲ್ಲಿ ಶೂ ಕೊಡವಿದೆ. ಒಂದು ಹಿಡಿ ಮರಳು. "ಅಯ್ಯೋ, ಚೆಲ್ಲಬೇಡಿ ರೀ!" ಎಂದು ಅವಳು ಹಳೇ ಪೇಪರ್ ಹಾಸಿ, ಊರಿಂದ ತಂದಿದ್ದ ಟೀ ಜಾಲರಿಯಲ್ಲಿ ಜರಡಿ ಹಿಡಿಯುತ್ತಾ ಕೂತಳು. ಮಂಕಿ ಕ್ಯಾಪ್ ಹಾಕಿಕೊಂಡು ಮೊಬೈಲ್ ಟಾರ್ಚ್ ಹಿಡಿದವನು ನಾನು. "ಸಿಕ್ಕಿದ್ರೆ ಜೈಲು ಕಣೇ" ಅಂದೆ. "ಮೊದಲು ಸಿಗ್ಲಿ" ಅಂದಳು.

ಸಿಗಲಿಲ್ಲ. ಬೆಳಗ್ಗೆ ಅದೇ ಜಾಲರಿಯಲ್ಲಿ ಸೋಸಿದ ಟೀ ಕುಡಿದೆವು. ಮೊದಲ ಗುಟುಕಿಗೇ ಬಾಯಲ್ಲಿ ಕರಕರ.