ಹಾಗಾದ್ರೆ ಹಡಗಿನ ಹೊಗೆನೇ ಒಳ್ಳೇದಾ?

ನಮ್ಮ ಹಳೇ ಕ್ಲಾಸ್‌ಮೇಟ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ಒಬ್ಬ ಒಂದು ಫಾರ್ವರ್ಡ್ ಹಾಕಿದ. ಹಡಗುಗಳ ಹೊಗೆ ಕಡಿಮೆ ಮಾಡಿದರು, ಅದಕ್ಕೇ ಸಮುದ್ರ ಬಿಸಿಯಾಯಿತು, ಪರಿಸರದ ಹೆಸರಲ್ಲಿ ಪರಿಸರಾನೇ ಹಾಳು ಮಾಡಿದರು ಅನ್ನೋ ಧಾಟಿಯದ್ದು. ಕೆಳಗೆ ಅವನದೇ ಒಂದು ಸಾಲು: "ಹಾಗಾದ್ರೆ ಹೊಗೆನೇ ಒಳ್ಳೇದಲ್ವೇನ್ರೋ?" ಹತ್ತು ಜನ ನಗುವ ಎಮೋಜಿ ಒತ್ತಿ ಮುಂದೆ ಹೋದರು. ನಾನು ಎರಡು ಸಾಲಿನ ಉತ್ತರ ಬರೆಯಲು ಕೂತೆ. ಎರಡು ಸಾಲಿಗೆ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಆ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ತಲೆನೋವು ಇರೋದೇ ಅಲ್ಲಿ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ. 3.5ರಿಂದ ಶೇ. 0.5ಕ್ಕೆ ಇಳಿಯಿತು. ನಿಯಮ ಮಾಡಿದ್ದು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ. ಆ ಹೊಗೆ ಬಂದರುಗಳ ಸುತ್ತಲಿನ ಜನರ ಶ್ವಾಸಕೋಶ, ಹೃದಯ ಎರಡಕ್ಕೂ ಕೆಟ್ಟದ್ದು. ನಿಯಮ ಬಂದ ಮೇಲೆ ಉಪಗ್ರಹ ಚಿತ್ರಗಳಲ್ಲಿ ಒಂದು ಬದಲಾವಣೆ ಕಂಡಿತು. ಸಾಗರದ ಮೇಲೆ ತಗ್ಗಿನಲ್ಲಿ ಹರಡಿಕೊಂಡಿರುವ ಮೋಡಗಳಲ್ಲಿ, ಹಡಗು ಹೋದ ದಾರಿಗುಂಟ, ಸೀಮೆಸುಣ್ಣದಲ್ಲಿ ಎಳೆದ ಹಾಗೆ ಉದ್ದುದ್ದ ಬಿಳಿ ಗೆರೆಗಳು ಮೂಡುತ್ತವೆ. 1960ರ ದಶಕದ ಉಪಗ್ರಹ ಚಿತ್ರಗಳಲ್ಲೇ ಅವನ್ನು ಗುರುತಿಸಿದ್ದರು. 2020ರ ನಂತರ ಆ ಗೆರೆಗಳು ಬಹಳ ಕಮ್ಮಿಯಾದವು.

ಗೆರೆ ಯಾಕೆ ಮೂಡುತ್ತೆ? ನೀರಿನ ಆವಿಗೆ ತಾನಾಗೇ ಹನಿ ಕಟ್ಟುವುದು ಬಹಳ ಕಷ್ಟ. ಒಂದೂ ಕಣವಿಲ್ಲದ ಗಾಳಿಯಲ್ಲಿ ತೇವಾಂಶ ಶೇ. 200 ಆದರೂ ಹನಿ ಹುಟ್ಟುವುದಿಲ್ಲ. ಆವಿಗೆ ಕೂರಲು ಒಂದು ಜಾಗ ಬೇಕು. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಇದ್ದರೂ ಸಾಕು, ಅಷ್ಟು ಚಿಕ್ಕ ಕಣ. ಹೀಗೆ ಗಾಳಿಯಲ್ಲಿ ತೇಲುವ ಕಣಗಳಿಗೇ ಏರೋಸಾಲ್ ಅನ್ನೋದು. ಮೋಡದ ಪ್ರತಿಯೊಂದು ಹನಿಯ ಹೊಟ್ಟೆಯಲ್ಲೂ ಇಂಥ ಒಂದು ಕಣ ಇರುತ್ತೆ. ಈಗ ಅಷ್ಟೇ ನೀರಿಗೆ ಕಣಗಳು ಜಾಸ್ತಿಯಾದರೆ? ನೀರು ಹಂಚಿಹೋಗುತ್ತೆ. ದೊಡ್ಡ ಹನಿಗಳು ಕೆಲವಿರುವ ಕಡೆ ಸಣ್ಣ ಹನಿಗಳು ತುಂಬಾ ಆಗುತ್ತವೆ. ಮೋಡ ಬೆಳ್ಳಗಾಗುತ್ತೆ. ಪಾರದರ್ಶಕ ಗಾಜನ್ನು ಪುಡಿ ಮಾಡಿದರೆ ಬೆಳ್ಳಗೆ ಕಾಣಲ್ವಾ, ಹಾಗೆ. ಷಾನ್ ಟೂಮಿ ಎಂಬ ವಿಜ್ಞಾನಿ 1970ರ ದಶಕದಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಕೆಳಗಿನ ಸಮುದ್ರವೋ ಕಪ್ಪು, ಬಿದ್ದ ಬಿಸಿಲನ್ನೆಲ್ಲ ನುಂಗುತ್ತೆ. ಅದರ ಮೇಲೆ ಮೋಡ ಇನ್ನಷ್ಟು ಬಿಳಿಯಾದರೆ ಅಷ್ಟು ಬಿಸಿಲು ವಾಪಸ್.

ಅಂದರೆ ಹಡಗಿನ ಹೊಗೆ ತಂಪು ಮಾಡುತ್ತಿತ್ತು ಅನ್ನೋದು ನಿಜ. ಎಷ್ಟು ತಂಪು ಅಂತ ಕೇಳಿ ನೋಡಿ, ಜಗಳ ಶುರು. ಬಹುತೇಕ ಲೆಕ್ಕಗಳು ಒಂದು ಡಿಗ್ರಿಯ ನೂರರಲ್ಲಿ ಕೆಲವೇ ಪಾಲು ಅನ್ನುತ್ತವೆ. ಅದಕ್ಕಿಂತ ಜಾಸ್ತಿ ಅನ್ನುವವರೂ ಇದ್ದಾರೆ. ಇಷ್ಟು ದೊಡ್ಡ ಸಂಗತಿಗೆ ಒಂದು ನೆಟ್ಟಗಿನ ಸಂಖ್ಯೆ ಯಾಕಿಲ್ಲ? ನನ್ನ ತಕರಾರು ಶುರುವಾಗೋದು ಇಲ್ಲಿಂದ. ಹೊಗೆ ಎಷ್ಟು ಕಣ ಸೇರಿಸಿತು ಅಂತ ತಿಳಿದರೆ ಸಾಲದು. ಹೊಗೆ ಬರುವ ಮೊದಲು ಅಲ್ಲಿ ಎಷ್ಟಿತ್ತು ಅಂತಲೂ ತಿಳಿಯಬೇಕು. ಕೊಳಕಾದ ಗಾಳಿಗೆ ಇನ್ನಷ್ಟು ಕೊಳೆ ಸೇರಿದರೆ ಮೋಡಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಶುದ್ಧ ಗಾಳಿಗೆ ಸೇರಿದರೆ ಭಾರೀ ವ್ಯತ್ಯಾಸ.

ಹೊಗೆಯೇ ಇಲ್ಲದಿದ್ದರೂ ಸಮುದ್ರದ ಗಾಳಿ ಖಾಲಿ ಇರುವುದಿಲ್ಲ, ಸಮುದ್ರವೇ ಅದನ್ನು ತುಂಬುತ್ತಿರುತ್ತೆ. ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಕನ್ನಡಕದ ಮೇಲೆ ಒಂದು ಮಬ್ಬು ಕೂರುತ್ತಲ್ಲ, ಅದನ್ನು ಒರೆಸುತ್ತಾ ಒರೆಸುತ್ತಾ ನನಗೆ ಈ ವಿಷಯದ ಹುಚ್ಚು ಹಿಡಿದದ್ದು. ಅಲೆ ಮುರಿದಾಗ ಗಾಳಿ ನೀರಿನೊಳಗೆ ಸಿಕ್ಕಿ ಗುಳ್ಳೆಯಾಗುತ್ತೆ. ಗುಳ್ಳೆ ಮೇಲೆ ಬಂದು ಒಡೆಯುತ್ತೆ. ಒಡೆಯುವುದು ಎರಡು ಸಲ ಅಂತಲೇ ಹೇಳಬೇಕು. ಮೊದಲು ಮೇಲಿನ ತೆಳು ಪೊರೆ ಹರಿದು ಚೂರುಚೂರಾಗಿ ತೀರಾ ಸಣ್ಣ ಹನಿಗಳು ಹಾರುತ್ತವೆ. ಆಮೇಲೆ ಗುಳ್ಳೆ ಇದ್ದ ಗುಂಡಿಯನ್ನು ಸುತ್ತಲಿನ ನೀರು ನುಗ್ಗಿ ತುಂಬುತ್ತೆ. ಆ ರಭಸಕ್ಕೆ ನಡುವಿನಿಂದ ಒಂದು ಸಣ್ಣ ಚಿಲುಮೆ ಎದ್ದು, ತುದಿಯಿಂದ ಸ್ವಲ್ಪ ದೊಡ್ಡ ಹನಿಗಳು ಕಳಚಿ ಮೇಲೆ ಹಾರುತ್ತವೆ. ನೀರು ಆರುತ್ತೆ, ಉಪ್ಪು ಗಾಳಿಯಲ್ಲಿ ಉಳಿಯುತ್ತೆ. ಡಂಕನ್ ಬ್ಲಾಂಚರ್ಡ್ ಎಂಬ ಅಮೆರಿಕದ ವಿಜ್ಞಾನಿ ತಮ್ಮ ಬದುಕಿನ ಬಹುಪಾಲನ್ನು ಈ ಗುಳ್ಳೆಗಳ ಹಿಂದೆಯೇ ಕಳೆದರು. ಎಂಥಾ ಕೆಲಸ ಅಲ್ವಾ! ಭೂಮಿಯ ಶೇ. 71 ಭಾಗ ಸಮುದ್ರ. ಅಷ್ಟೂ ಕಡೆ ಈ ಹೊತ್ತಿನಲ್ಲಿ ಎಷ್ಟು ಗುಳ್ಳೆ ಒಡೆಯುತ್ತಿರಬಹುದು, ಸುಮ್ನೆ ಯೋಚನೆ ಮಾಡಿ.

ಹಾರುವುದು ಉಪ್ಪು ಮಾತ್ರ ಅಲ್ಲ. ನೀರಿನ ಮೇಲ್ಪದರದಲ್ಲಿ ಸೂಕ್ಷ್ಮ ಪಾಚಿಗಳು ಬಿಟ್ಟ ಜಿಡ್ಡು, ಅಂಟು ಎಲ್ಲ ಇರುತ್ತೆ. ಗುಳ್ಳೆ ಅದನ್ನೂ ಹೊತ್ತು ತರುತ್ತೆ. 2004ರಲ್ಲಿ ಐರ್ಲೆಂಡಿನ ಪಶ್ಚಿಮ ತೀರದ ಮೇಸ್ ಹೆಡ್ ಕೇಂದ್ರದ ಅಳತೆಗಳು ತೋರಿಸಿದ್ದೇನೆಂದರೆ, ಪಾಚಿ ಚೆನ್ನಾಗಿ ಬೆಳೆಯುವ ಕಾಲದಲ್ಲಿ ಅತಿ ಸಣ್ಣ ಕಣಗಳಲ್ಲಿ ಉಪ್ಪಿಗಿಂತ ಈ ಜೈವಿಕ ವಸ್ತುವೇ ಜಾಸ್ತಿ.

ಇನ್ನು ಗಂಧಕದ ಕಥೆ. ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ನೆಲದಿಂದ ಗಂಧಕ ನದಿಗಳಲ್ಲಿ ಹರಿದು ಸಮುದ್ರ ಸೇರುತ್ತಲೇ ಇರುತ್ತೆ. ಹಾಗಾದರೆ ನೆಲಕ್ಕೆ ವಾಪಸ್ ಬರೋದು ಹೇಗೆ? ಲೆಕ್ಕ ಕೂಡುತ್ತಿರಲಿಲ್ಲ. ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವಾಗಿ ಗಾಳಿಯಲ್ಲಿ ಬರುತ್ತಿರಬೇಕು ಅಂತ ಅಂದುಕೊಂಡಿದ್ದರು. 1971ರಲ್ಲಿ ಜೇಮ್ಸ್ ಲವ್‌ಲಾಕ್ ಎಂಬ ಬ್ರಿಟನ್ನಿನ ವಿಜ್ಞಾನಿ ತಾನೇ ತಯಾರಿಸಿದ ಒಂದು ಉಪಕರಣ ಹಿಡಿದು ಶ್ಯಾಕಲ್‌ಟನ್ ಎಂಬ ಸಂಶೋಧನಾ ಹಡಗು ಹತ್ತಿ ಬ್ರಿಟನ್ನಿನಿಂದ ದಕ್ಷಿಣಕ್ಕೆ ಹೊರಟರು. ದಾರಿಯುದ್ದಕ್ಕೂ ಸಮುದ್ರದ ನೀರಿನಲ್ಲಿ ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ಅನಿಲ ಸಿಕ್ಕಿತು. ಚಿಕ್ಕದಾಗಿ ಡಿಎಂಎಸ್. ಕಡಲ ವಾಸನೆ ಅಂತ ನಾವು ಹೇಳುವುದರಲ್ಲಿ ಇದರದ್ದೂ ಪಾಲಿದೆ. ಕೆಲವು ಕಡಲ ಹಕ್ಕಿಗಳು ಇದರ ಜಾಡು ಹಿಡಿದೇ ಆಹಾರ ಇರುವ ಜಾಗ ಹುಡುಕುತ್ತವೆ. ಪಾಚಿಗಳಿಂದ ಹುಟ್ಟುವ ಈ ಅನಿಲ ಗಾಳಿಯಲ್ಲಿ ಮಾರ್ಪಾಡಾಗುತ್ತಾ ಕೊನೆಗೆ ಗಂಧಕಾಮ್ಲವಾಗಿ ಕಣಗಳಾಗುತ್ತೆ. ಹಡಗಿನ ಹೊಗೆಯಿಂದ ಹುಟ್ಟುವುದೂ ಇದೇ ಸಾಮಾನು, ನೋಡಿ.

1987ರಲ್ಲಿ ನಾಲ್ವರು ಸೇರಿ ಒಂದು ಸೊಗಸಾದ ಊಹೆ ಮುಂದಿಟ್ಟರು: ಚಾರ್ಲ್‌ಸನ್, ಲವ್‌ಲಾಕ್, ಆಂದ್ರಿಯೇ, ವಾರೆನ್. ಇಂಗ್ಲಿಷಿನಲ್ಲಿ ಈ ಹೆಸರುಗಳ ಮೊದಲ ಅಕ್ಷರ ಸೇರಿಸಿ ಕ್ಲಾ ಊಹೆ ಅನ್ನುತ್ತಾರೆ. ಸಮುದ್ರ ಬಿಸಿಯಾದರೆ ಪಾಚಿಗಳು ಡಿಎಂಎಸ್ ಜಾಸ್ತಿ ಬಿಡುತ್ತವೆ, ಕಣ ಹೆಚ್ಚುತ್ತೆ, ಮೋಡ ಬೆಳ್ಳಗಾಗುತ್ತೆ, ಬಿಸಿಲು ಕಮ್ಮಿಯಾಗಿ ಸಮುದ್ರ ಮತ್ತೆ ತಣ್ಣಗಾಗುತ್ತೆ. ಭೂಮಿ ತನ್ನ ಜ್ವರಕ್ಕೆ ತಾನೇ ಮದ್ದು ಮಾಡಿಕೊಳ್ಳುತ್ತೆ ಅನ್ನೋ ಕಥೆ. ಮೊದಲ ಸಲ ಓದಿದಾಗ ನಾನು ಪೂರ್ತಿ ಮಾರುಹೋಗಿದ್ದೆ. ಇದು ನಿಜವಾಗಿರಲೇಬೇಕು ಅನ್ನಿಸಿತ್ತು.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹಡಗು, ವಿಮಾನ, ತೀರದ ಕೇಂದ್ರಗಳಲ್ಲಿ ಅಳೆದರು. 2011ರಲ್ಲಿ ಪಟ್ರೀಷಿಯಾ ಕ್ವಿನ್ ಮತ್ತು ಟಿಮ್ ಬೇಟ್ಸ್ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿ, ಈ ಚಕ್ರ ಹೀಗೆ ತಿರುಗುತ್ತಿಲ್ಲ ಅಂತ ಬರೆದರು. ಮೋಡಕ್ಕೆ ಕಣ ಕೊಡುವವರು ಬೇರೆಯವರೂ ಇದ್ದಾರೆ: ಉಪ್ಪು, ಜಿಡ್ಡು. ಡಿಎಂಎಸ್‌ನಿಂದ ಹೊಸ ಕಣ ಹುಟ್ಟುವುದು ಬಹುಪಾಲು ಮೇಲಿನ ಗಾಳಿಯಲ್ಲಿ, ಕಡಲಿಗೆ ಅಂಟಿದ ಪದರದಲ್ಲಲ್ಲ. ಸರಪಳಿಯ ಒಂದೊಂದು ಕೊಂಡಿಯೂ ಅಂದುಕೊಂಡದ್ದಕ್ಕಿಂತ ಸಡಿಲ. ನನಗೆ ನಿಜವಾಗಿ ಬೇಜಾರಾಯಿತು. ಆದರೆ ಆ ಊಹೆ ತಪ್ಪಿದರೂ, ಅದನ್ನು ಪರೀಕ್ಷಿಸಲು ಹೋಗಿ ಅಷ್ಟೊಂದು ಜನ ಸಮುದ್ರದ ಗಾಳಿಗೆ ಮೂಗು ಕೊಟ್ಟರಲ್ಲ, ಅದು ಅದರದೇ ಕೊಡುಗೆ.

ಇಷ್ಟಾದ ಮೇಲೂ ಎಲ್ಲ ತಿಳಿಯಿತಾ? ನಾಸಾ 2016ರಿಂದ 2018ರವರೆಗೆ ಒಂದು ವಿಮಾನದ ತುಂಬಾ ಉಪಕರಣ ತುಂಬಿ ಪೆಸಿಫಿಕ್ ಮತ್ತು ಅಟ್ಲಾಂಟಿಕ್ ಮೇಲೆ ಉತ್ತರ ದಕ್ಷಿಣವಾಗಿ ಹಾರಿಸಿತು. ನೀರಿಗೆ ಹತ್ತಿರ ಇಳಿಯುವುದು, ಮತ್ತೆ 12 ಕಿಲೋಮೀಟರ್ ಏರುವುದು, ಮತ್ತೆ ಇಳಿಯುವುದು. ಆ ಹಾರಾಟದಲ್ಲಿ ಡಿಎಂಎಸ್‌ನಿಂದ ಹುಟ್ಟುವ ಒಂದು ಹೊಸ ವಸ್ತು ಸಿಕ್ಕಿತು, ಅದೂ ಸಾಗರಗಳ ಮೇಲೆಲ್ಲಾ. ವರದಿ ಬಂದದ್ದು 2020ರಲ್ಲಿ. ಲವ್‌ಲಾಕ್ ಹಡಗು ಹತ್ತಿ ಸುಮಾರು ಐವತ್ತು ವರ್ಷ ಆದ ಮೇಲೆ! ಅಷ್ಟು ವರ್ಷ ಅದು ಅಲ್ಲೇ ಇತ್ತು, ನಮಗೆ ಕಂಡಿರಲಿಲ್ಲ ಅಷ್ಟೇ.

2013ರಲ್ಲಿ ಕೆನ್ ಕಾರ್ಸ್‌ಲಾ ಮತ್ತು ಸಂಗಡಿಗರು ಒಂದು ಲೆಕ್ಕ ಪ್ರಕಟಿಸಿದರು. 1750ರಿಂದ ಈಚೆಗೆ ಕಣಗಳು ಮೋಡಗಳ ಮೂಲಕ ಎಷ್ಟು ತಂಪು ಮಾಡಿವೆ ಅನ್ನೋ ಅಂದಾಜು ಬಹಳ ಅಲ್ಲಾಡುತ್ತೆ. ಯಾಕೆ ಅಲ್ಲಾಡುತ್ತೆ ಅಂತ ಬಿಡಿಸಿ ನೋಡಿದರು. ಮನುಷ್ಯರ ಹೊಗೆಯ ಲೆಕ್ಕ ಸರಿಯಿಲ್ಲದ್ದರಿಂದ ಸುಮಾರು ಶೇ. 34. ಜ್ವಾಲಾಮುಖಿ, ಡಿಎಂಎಸ್, ಕಡಲ ತುಂತುರು ಇಂಥ ನೈಸರ್ಗಿಕ ಮೂಲಗಳ ಲೆಕ್ಕ ಸರಿಯಿಲ್ಲದ್ದರಿಂದ ಸುಮಾರು ಶೇ. 45. ನಾನು ಈ ಸಾಲನ್ನು ಮೂರು ಸಲ ಓದಿದೆ. ಕೊಳೆಗಿಂತ ಜಾಸ್ತಿ ಗೊಂದಲ ಶುದ್ಧ ಗಾಳಿಯ ಬಗ್ಗೆ!

ಈಗ ಗೆಳೆಯನ ಪ್ರಶ್ನೆ. ಹೊಗೆ ಒಳ್ಳೇದಾ? ಇಲ್ಲ ಮಾರಾಯ. ಕಣಗಳು ಗಾಳಿಯಲ್ಲಿ ಇರೋದು ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ. ಮಳೆ ಬಂದರೆ ತೊಳೆದುಹೋಗುತ್ತವೆ. ಅದೇ ಎಂಜಿನ್ ಬಿಟ್ಟ ಇಂಗಾಲದ ಡೈಆಕ್ಸೈಡ್ ನೂರಾರು ವರ್ಷ ಉಳಿಯುತ್ತೆ. ಹೊಗೆಯ ಕೊಡೆ ಹಿಡಿದೇ ಇರಬೇಕಾದರೆ ದಿನವೂ ಹೊಗೆ ಉಗುಳುತ್ತಲೇ ಇರಬೇಕು, ಜನ ಅದನ್ನು ಉಸಿರಾಡುತ್ತಲೇ ಇರಬೇಕು. ಕೆಳಗೆ ಸಾಲ ಮಾತ್ರ ಬೆಳೀತಾ ಹೋಗುತ್ತೆ. 2020ರಲ್ಲಿ ಕೊಡೆಯನ್ನು ಸ್ವಲ್ಪ ಮಡಚಿದೆವು, ಇದ್ದ ಬಿಸಿಲು ಕಂಡಿತು.

"ಹಾಗಾದರೆ ಹೊಗೆ ಬೇಡ, ಸಮುದ್ರದ ಉಪ್ಪನ್ನೇ ಸಿಂಪಡಿಸಿ ಮೋಡ ಬಿಳಿ ಮಾಡೋಣ" ಅನ್ನುವವರೂ ಇದ್ದಾರೆ. ಜಾನ್ ಲೇಥಮ್ 1990ರಲ್ಲೇ ಈ ಐಡಿಯಾ ಕೊಟ್ಟಿದ್ದರು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಬಳಿ 2020ರಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು. ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ ಹಳೇ ಯುದ್ಧನೌಕೆಯೊಂದರ ಮೇಲೆ 2024ರಲ್ಲಿ ಸಿಂಪಡಿಸುವ ಯಂತ್ರ ಪರೀಕ್ಷಿಸಲು ಹೋದಾಗ ನಗರಸಭೆ ಬೇಡ ಅಂದಿತು. ನನಗೆ ಈ ಸಂಶೋಧನೆ ಮೇಲೆ ಸಿಟ್ಟಿಲ್ಲ. ಅಲಮೀಡಾದಲ್ಲಿ ನಡೆದದ್ದು ಬರೀ ಅಳತೆಯ ಕೆಲಸ, ಅದನ್ನು ನಿಲ್ಲಿಸಿದ್ದು ದಡ್ಡತನ ಅನ್ನಿಸಿತ್ತು. ಆದರೆ ಇದನ್ನೇ ಜಗತ್ತಿನ ಮಟ್ಟದಲ್ಲಿ ಮಾಡಿಬಿಡೋಣ ಅನ್ನುವ ಉತ್ಸಾಹ ಕಂಡರೆ ಭಯವಾಗುತ್ತೆ. ಹನಿ ತೀರಾ ಸಣ್ಣದಾದರೆ ಬೇಗ ಆರಿ ಮೋಡವೇ ತೆಳುವಾಗಬಹುದು. ಮಳೆ ಬೀಳುವ ಜಾಗ ಬದಲಾಗಬಹುದು. ಸಮುದ್ರದ ಸ್ವಂತ ಲೆಕ್ಕವೇ ಸರಿಯಾಗಿ ಸಿಗದವರು ಅದಕ್ಕೆ ಎಷ್ಟು ಸೇರಿಸಬೇಕು ಅಂತ ಹೇಗೆ ಹೇಳ್ತಾರೆ?

ಹಣ, ಗಮನ ಎರಡೂ ಮೊದಲು ಹೋಗಬೇಕಾದದ್ದು ಬೋರು ಹೊಡೆಸುವ ಕೆಲಸಕ್ಕೆ ಅಂತ ನನ್ನ ವಾದ. ಒಂದೇ ಜಾಗದಲ್ಲಿ ಕೂತು ವರ್ಷಗಟ್ಟಲೆ ಅಳೆಯುವುದು. ಜೋಸೆಫ್ ಪ್ರಾಸ್ಪೆರೊ 1965ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿ ಬರುವ ಧೂಳನ್ನು ಹಿಡಿಯಲು ಶುರು ಮಾಡಿದರು. ದಶಕಗಳ ಕಾಲ ಬಿಡದೆ ಹಿಡಿದದ್ದರಿಂದಲೇ ಸಹಾರಾ ಮರುಭೂಮಿಯ ದಕ್ಷಿಣದ ಸಹೇಲ್ ಪ್ರದೇಶದ ಬರಗಾಲಕ್ಕೂ ಆ ಧೂಳಿಗೂ ಇರುವ ನಂಟು ಕಂಡಿತು. ಟಾಸ್ಮೇನಿಯಾದ ವಾಯವ್ಯ ತುದಿಯ ಕೇಪ್ ಗ್ರಿಮ್ ಕೇಂದ್ರ 1976ರಿಂದ ಇದೆ. ದಕ್ಷಿಣ ಸಾಗರದ ಮೇಲೆ ಸಾವಿರಾರು ಕಿಲೋಮೀಟರ್ ನೆಲವನ್ನೇ ಮುಟ್ಟದೆ ಬಂದ ಗಾಳಿ ಬೀಸಿದಾಗ, ಅದನ್ನೇ ಶುದ್ಧ ಗಾಳಿಯ ಅಳತೆಗೋಲು ಅಂತ ಹಿಡಿಯುತ್ತಾರೆ.

ಅಲ್ಲಿ ಇನ್ನೊಂದು ಕೆಲಸವೂ ನಡೆಯುತ್ತೆ. 1978ರಿಂದ ಆ ಗಾಳಿಯನ್ನು ಸಿಲಿಂಡರುಗಳಲ್ಲಿ ತುಂಬಿ ಇಡುತ್ತಿದ್ದಾರೆ. ಇವತ್ತು ಯಾವುದೋ ಹೊಸ ಅನಿಲದ ಅನುಮಾನ ಬಂದರೆ ಹಳೇ ಸಿಲಿಂಡರ್ ತೆಗೆದು ಆಗ ಎಷ್ಟಿತ್ತು ಅಂತ ನೋಡಬಹುದು. ಏರೋಸಾಲ್ ಮಾತ್ರ ಹಾಗೆ ಸಿಗುವುದಿಲ್ಲ. ತುಂಬಿಟ್ಟರೆ ಕಣಗಳು ಸಿಲಿಂಡರಿನ ಗೋಡೆಗೆ ಅಂಟಿಕೊಂಡು ಕಥೆ ಮುಗಿಯಿತು. ಡಿಎಂಎಸ್‌ನ ಒಂದು ಕುರುಹು ಧ್ರುವಗಳ ಹಳೇ ಹಿಮದ ಪದರಗಳಲ್ಲಿ ಸಿಗುತ್ತೆ, ಅದೂ ಅರೆಬರೆ. ಮೋಡ ಕಟ್ಟುವ ಆ ಸಣ್ಣ ಕಣಗಳು ಒಂದು ಜಾಗದಲ್ಲಿ ಇಂಥಾ ದಿನ ಎಷ್ಟಿದ್ದವು ಅಂತ ತಿಳಿಯಬೇಕಾದರೆ, ಆ ದಿನ ಅಲ್ಲಿ ಯಾರೋ ಒಬ್ಬರು ಉಪಕರಣ ಹಿಡಿದು ನಿಂತಿರಬೇಕು.