ಇಲ್ಲಿ ಸ್ಟಾಪ್ ಐತಾ?

ಹೊಸ ರೈಲು ಬಂತು ಅಂದರೆ ಬೇರೆ ಊರಿನವರು ಅದರ ವೇಗ ಕೇಳಬಹುದು. ದಾವಣಗೆರೆಯವರು ಮೊದಲು ಕೇಳುವುದು, ‘ಇಲ್ಲಿ ಸ್ಟಾಪ್ ಐತಾ?’ 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದಾಗ, ಯಶವಂತಪುರ ದಾಟಿದ ಮೇಲೆ ಹುಬ್ಬಳ್ಳಿವರೆಗೆ ಅದು ನಿಲ್ಲುತ್ತಿದ್ದದ್ದು ನಮ್ಮಲ್ಲಿ ಮಾತ್ರ. ಅದೂ ಎರಡೇ ನಿಮಿಷ. ಅರಸೀಕೆರೆ, ಬೀರೂರು ಎಂಥ ಹಳೇ ಜಂಕ್ಷನ್‌ಗಳು! ಅಲ್ಲೆಲ್ಲ ನಿಲ್ಲದ ರೈಲು ಬೆಣ್ಣೆದೋಸೆ ಊರಲ್ಲಿ ನಿಂತಿತಲ್ಲ ಅಂತ ನಮಗೆ ಎಲ್ಲಿಲ್ಲದ ಜಂಬ.

ಇಂಥ ಜಂಬ ಜಪಾನಿನ ನಗೋಯಾ ನಗರದವರಿಗೂ ಇತ್ತು. ಅವರಿಗೆ ಕಾರಣವೂ ಇತ್ತು ಅನ್ನಿ. ಅಲ್ಲಿನ ಸ್ಟೇಷನ್ 1886ರದ್ದು. 1964ರ ಅಕ್ಟೋಬರ್ 1ರಂದು ಟೋಕಿಯೊ–ಒಸಾಕಾ ನಡುವೆ ಬುಲೆಟ್ ರೈಲು ಗಂಟೆಗೆ 210 ಕಿಲೋಮೀಟರ್ ವೇಗದಲ್ಲಿ ಓಡತೊಡಗಿದಾಗ, ಅದರಲ್ಲೇ ಜಾಸ್ತಿ ಜೋರಿನ ‘ಹಿಕಾರಿ’ ದಾರಿಯಲ್ಲಿ ನಿಲ್ಲುತ್ತಿದ್ದದ್ದು ಎರಡೇ ಕಡೆ. ನಗೋಯಾ, ಕ್ಯೋಟೊ.

1992ರ ಮಾರ್ಚ್‌ನಲ್ಲಿ 270ರ ವೇಗದ ‘ನೊಝೋಮಿ’ ಬಂತು. ಬೆಳಗಿನ ಮೊದಲ ಗಾಡಿ ಟೋಕಿಯೊದಿಂದ ಆರಕ್ಕೆ ಹೊರಟು ಎಂಟೂವರೆಗೆ ಒಸಾಕಾ ಮುಟ್ಟಬೇಕು, ಆಫೀಸಿಗೆ ಹೋಗುವವರಿಗೆ ಅನುಕೂಲ ಆಗಬೇಕು ಅನ್ನೋದು ಲೆಕ್ಕ. ನಿಲ್ಲುವುದೇನೋ ಒಂದೆರಡು ನಿಮಿಷ. ಆದರೆ ಅಂಥ ವೇಗ ಇಳಿಸಿ ಮತ್ತೆ ಏರಿಸುವುದರಲ್ಲಿ ಇನ್ನಷ್ಟು ಹೊತ್ತು ಹೋಗುತ್ತದೆ. ಹಾಗಾಗಿ ಆ ಗಾಡಿ ನಗೋಯಾ, ಕ್ಯೋಟೊ ಎರಡನ್ನೂ ಬಿಟ್ಟು ಸುಮ್ನೆ ಹಾದುಹೋಯಿತು! ಸಾವಿರ ವರ್ಷ ರಾಜಧಾನಿಯಾಗಿದ್ದ ಕ್ಯೋಟೊಗೂ ಮರ್ಯಾದೆ ಇಲ್ಲ. ನಗೋಯಾ ಮಂದಿ ರೊಚ್ಚಿಗೆದ್ದರು, ಪೇಪರ್‌ಗಳಲ್ಲಿ ದೊಡ್ಡ ಗಲಾಟೆ. ಐದು ವರ್ಷದ ಮೇಲೆ, 1997ರಲ್ಲಿ ಆ ಏರ್ಪಾಡು ಕೈಬಿಟ್ಟರು. ಈಗ ಪ್ರತಿ ನೊಝೋಮಿಯೂ ಅಲ್ಲಿ ನಿಲ್ಲುತ್ತದೆ. ಒಂದೇ ಗಾಡಿಗೆ ಇಷ್ಟು ರಾದ್ಧಾಂತವಾ ಅಂತ ಹೊರಗಿನವರು ನಗಬಹುದು. ನಾನು ನಗಲಾರೆ.

ಆ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲೇ ‘ಕಿಶಿಮೆನ್’ ಮಾರುತ್ತಾರೆ. ಬಿಸಿ ಸಾರಿನಲ್ಲಿ ಮುಳುಗಿಸಿದ, ರಿಬ್ಬನ್ನಿನಷ್ಟು ಅಗಲದ ಗೋಧಿ ಶಾವಿಗೆ. ನಿಂತುಕೊಂಡೇ ಸುರ್ ಅಂತ ಎಳೆದು ರೈಲು ಹತ್ತುತ್ತಾರಂತೆ. ನಮ್ಮ ಪ್ಲಾಟ್‌ಫಾರಂನಲ್ಲೂ ಒಂದು ಕಾವಲಿ ಇಟ್ಟರೆ ಹೇಗೆ ಅಂತ ಆಸೆಯಾಗುತ್ತದೆ. ಆದರೆ ಎರಡು ನಿಮಿಷದಲ್ಲಿ ದೋಸೆಯ ಒಂದು ಮಗ್ಗುಲೂ ಬೇಯಲ್ಲ.

ಅಲ್ಲಿ ಇಲ್ಲದ್ದು ಒಂದಿದೆ, ಗೇಟು. ಟೋಕಿಯೊದಿಂದ ಒಸಾಕಾವರೆಗೆ ಬುಲೆಟ್ ರೈಲಿನ ಹಳಿಯನ್ನು ಯಾವ ರಸ್ತೆಯೂ ನೆಲದ ಮೇಲೆ ಅಡ್ಡ ದಾಟುವುದಿಲ್ಲ. ಎಲ್ಲ ಮೇಲಿಂದ, ಇಲ್ಲವೇ ಕೆಳಗಿಂದ. ಇದನ್ನು ಅಶೋಕ ಟಾಕೀಸ್ ಗೇಟಿನ ಮುಂದೆ ಬೆಳೆದವರಿಗೆ ಹೇಳಿ ನೋಡಿ, ನಂಬಲ್ಲ. ಊರ ನಡುವೆಯೇ ಹಳಿ. ಗೇಟು ಬಿತ್ತು ಅಂದರೆ ಸ್ಕೂಲಿನ ಮಕ್ಕಳು, ಕಾಳಿನ ಚೀಲದ ಗಾಡಿ, ಮದುವೆ ದಿಬ್ಬಣ ಎಲ್ಲ ಒಂದೇ ಸಾಲಿನಲ್ಲಿ. ಬೈದುಕೊಂಡು ನಿಲ್ಲುವುದು, ಬೈಯುತ್ತಲೇ ಪಕ್ಕದವರ ಮನೆ ಸಮಾಚಾರ ಕೇಳುವುದು. ರೈಲು ನಿಲ್ಲುವುದಕ್ಕಿಂತ ಜಾಸ್ತಿ ಹೊತ್ತು ಊರೇ ನಿಂತಿರುತ್ತಿತ್ತು.

ಚಿತ್ರದುರ್ಗದ ಮಾವನಿಗೆ ನಮ್ಮ ಈ ಸ್ಟಾಪಿನ ಕಥೆ ಕೇಳಿ ಕೇಳಿ ಸಾಕಾಗಿದೆ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಹಳಿ ಅವರೂರಿಗೆ ಹೋಗದೆ ಚಿಕ್ಕಜಾಜೂರಿನ ಮೇಲೆ ಬರುತ್ತದೆ. ಅಲ್ಲಿಂದ ದುರ್ಗಕ್ಕೆ ಕವಲು ಹಳಿ. ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ನೇರ ಹಳಿಯ ಮಾತು ವರ್ಷಗಳಿಂದ ನಡೆದೇ ಇದೆ. ‘ನಿಮ್ಮೂರಾಗೆ ರೈಲು ಎರಡು ನಿಮಿಷ ನಿಂತ್ರೆ ಇಷ್ಟು ಜಂಬನಾ? ನಮ್ಮ ಕೋಟೆ ನೂರಾರು ವರ್ಷದಿಂದ ನಿಂತೇ ಐತೆ’ ಅಂತ ಬಾಯಿ ಮುಚ್ಚಿಸುತ್ತಾರೆ.

ಅವರನ್ನು ಸಮಾಧಾನ ಮಾಡೋಣ ಅಂತ ಒಮ್ಮೆ ಶಿಝುಓಕಾ ಕಥೆ ಹೇಳಿದೆ. ಅದು ಟೋಕಿಯೊ, ನಗೋಯಾ ನಡುವಿನ ಪ್ರಾಂತ್ಯ. ಬುಲೆಟ್ ರೈಲಿನ ಆರು ಸ್ಟೇಷನ್ ಇದ್ದರೂ ನೊಝೋಮಿ ಒಂದರಲ್ಲೂ ನಿಲ್ಲಲ್ಲ. ಬೇಸತ್ತ ಅಲ್ಲಿನ ಗವರ್ನರ್ ಒಬ್ಬರು, ಹಾಗಾದರೆ ನಿಲ್ಲದೆ ಹಾದುಹೋಗುವ ರೈಲಿಗೆ ತೆರಿಗೆ ಹಾಕೋಣ ಅಂದಿದ್ದರು. ಮಾವ ಕಾಫಿ ಲೋಟ ಕೆಳಗಿಟ್ಟು ಯೋಚನೆ ಮಾಡಿದರು.

‘ಐಡಿಯಾ ಚೆನ್ನಾಗೈತೆ ಕಣಪ್ಪ. ಆದ್ರೆ ತೆರಿಗೆ ಹಾಕೋಕಾದ್ರೂ ಅಂಥ ರೈಲು ಮೊದ್ಲು ನಮ್ಮೂರ ಮೇಲೆ ಹಾಯಬೇಕಲ್ಲ.’