ನೆರಳಿಲ್ಲದ ಎರಡು ಮಧ್ಯಾಹ್ನಗಳು

ಪ್ರತಿ ವರ್ಷ ಏಪ್ರಿಲ್ 25ರ ಆಸುಪಾಸಿನಲ್ಲಿ, ತುಳುವರ ಪಗ್ಗು ತಿಂಗಳು ಹತ್ತು ದಿನ ಕಳೆಯುವ ಹೊತ್ತಿಗೆ, ಉಡುಪಿಯ ನಮ್ಮ ಮನೆಯಂಗಳದಲ್ಲಿ ನೆಟ್ಟ ಕೋಲಿನ ನೆರಳು ಮಧ್ಯಾಹ್ನ 12.30ರ ಸುಮಾರಿಗೆ ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಆಗಸ್ಟ್ 17ರ ಹೊತ್ತಿಗೆ, ಆಟಿ ತಿಂಗಳು ಮುಗಿದು ಸೋಣ ಹುಟ್ಟುವಾಗ, ಸೂರ್ಯ ಮತ್ತೊಮ್ಮೆ ಅದೇ ನೆತ್ತಿಗೆ ಬರುತ್ತಾನೆ. ಮೊದಲ ಸಲ ಬರಿಗಾಲಿನಲ್ಲಿ ನಿಲ್ಲಲಾಗದಷ್ಟು ಕಾದಿರುವ ಅಂಗಳ ಎರಡನೆಯ ಸಲ ಪಾಚಿಗಟ್ಟಿ ಜಾರುತ್ತಿರುತ್ತದೆ, ಮೋಡ ಸರಿದರೆ ಮಾತ್ರ ನೆರಳಿನ ಲೆಕ್ಕ. ನಮ್ಮ ಜಿಲ್ಲೆಗಳ ಮಕ್ಕಳಿಗೆ ಋತುಗಳ ಪಾಠ ಈ ಎರಡು ಮಧ್ಯಾಹ್ನಗಳಿಂದಲೇ ಆರಂಭವಾಗಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ, ಆದ್ದರಿಂದ ಋತುಗಳಾಗುತ್ತವೆ ಎಂದು ನಾವೆಲ್ಲ ಕಂಠಪಾಠ ಮಾಡಿದ್ದೇವೆ. ಅದು ನಿಜವೇ. ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ ಎಂಬ ತಪ್ಪು ತಿಳಿವಳಿಕೆಯನ್ನು ಅದು ಹೋಗಲಾಡಿಸುತ್ತದೆ, ಏಕೆಂದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಅಂದರೆ 14.7 ಕೋಟಿ ಕಿಲೋಮೀಟರ್ ದೂರಕ್ಕೆ ಬರುವುದು ಜನವರಿಯ ಮೊದಲ ವಾರದಲ್ಲಿ. ಆದರೆ ವಾಲುವಿಕೆಯೊಂದೇ ಎಲ್ಲವನ್ನೂ ನಿರ್ಧರಿಸುವುದಾದರೆ ನಮ್ಮ ಆ ಎರಡು ಮಧ್ಯಾಹ್ನಗಳು ಒಂದೇ ತೆರನಾಗಿರಬೇಕಿತ್ತು. ಕಾದ ನೆಲದ ಕಡೆಗೆ ಅರಬ್ಬಿ ಸಮುದ್ರದಿಂದ ಬೀಸುವ ಗಾಳಿ ಘಟ್ಟಕ್ಕೆ ತಾಗಿ ಮಳೆಯಾಗುವುದರಿಂದಲೇ ನಮ್ಮ ವರ್ಷ ಎರಡು ಹೋಳಾಗುತ್ತದೆ. ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವುದೂ ಆ ಮಳೆಯನ್ನು ಎದುರು ನೋಡಿಯೇ.

ಉಳಿದ ಗ್ರಹಗಳನ್ನು ಹೀಗೆಯೇ ನೋಡಬೇಕು. ಮಂಗಳನ ವಾಲುವಿಕೆ 25.2 ಡಿಗ್ರಿ, ಬಹುತೇಕ ನಮ್ಮದೇ. ಆದರೂ ಅಲ್ಲಿನ ಋತುಗಳು ನಮ್ಮವುಗಳಂತಿಲ್ಲ. ಅದರ ಕಕ್ಷೆ ಎಷ್ಟು ಉದ್ದುದ್ದವಾಗಿದೆಯೆಂದರೆ ಸೂರ್ಯನಿಂದ ಅದರ ದೂರ ಸುಮಾರು 20.7 ಕೋಟಿಯಿಂದ 24.9 ಕೋಟಿ ಕಿಲೋಮೀಟರಿನವರೆಗೆ ಬದಲಾಗುತ್ತದೆ. ಹೀಗಾಗಿ ಉತ್ತರಾರ್ಧದ ವಸಂತ 194 ಮಂಗಳ ದಿನ ನಡೆದರೆ ಶರತ್ಕಾಲ 142 ದಿನಗಳಿಗೇ ಮುಗಿಯುತ್ತದೆ. ದಕ್ಷಿಣದ ಬೇಸಿಗೆ ಚಿಕ್ಕದು, ಆದರೆ ಉಗ್ರ, ಗ್ರಹವನ್ನೇ ಮುಚ್ಚುವ ಧೂಳಿನ ಬಿರುಗಾಳಿಗಳು ಏಳುವುದು ಅಲ್ಲಿನ ವಸಂತ, ಬೇಸಿಗೆಗಳಲ್ಲಿಯೇ. 2018ರ ಜೂನ್‌ನಲ್ಲಿ ಆಪರ್ಚುನಿಟಿ ರೋವರ್ ಅಂಥದೊಂದು ಧೂಳಿಗೆ ಸಿಲುಕಿ ಮೌನವಾಯಿತು. ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸುವುದು ಅಲ್ಲಿನ ಚಳಿಗಾಲ. ಧ್ರುವದಲ್ಲಿ ಇಂಗಾಲದ ಡೈಆಕ್ಸೈಡ್ ಹೆಪ್ಪುಗಟ್ಟಿ ನೆಲಕ್ಕಿಳಿದಾಗ ಇಡೀ ಗ್ರಹದ ವಾಯುಭಾರ ಸುಮಾರು ಕಾಲುಭಾಗದಷ್ಟು ಕುಸಿಯುತ್ತದೆ. ಅಲ್ಲಿ ಗಾಳಿಯೇ ಹಿಮವಾಗುತ್ತದೆ.

ಶುಕ್ರನಲ್ಲಿ ಹೇಳಿಕೊಳ್ಳುವಂಥ ಋತುಗಳಿಲ್ಲ. ವಾಲುವಿಕೆ ಅತ್ಯಲ್ಪ, ದಟ್ಟ ವಾತಾವರಣ ಎಲ್ಲೆಡೆ ಒಂದೇ ಬೇಗೆಯನ್ನು ಹಿಡಿದಿಟ್ಟಿದೆ. ಯುರೇನಸ್ ಇದಕ್ಕೆ ತದ್ವಿರುದ್ಧ. 97.8 ಡಿಗ್ರಿ ವಾಲಿ, ಮಲಗಿಕೊಂಡೇ 84 ವರ್ಷಗಳಲ್ಲಿ ಸೂರ್ಯನನ್ನು ಸುತ್ತುವ ಅದರ ಧ್ರುವಗಳಲ್ಲಿ 42 ವರ್ಷ ಹಗಲು, 42 ವರ್ಷ ಇರುಳು. ಆದರೂ 1986ರಲ್ಲಿ ವಾಯೇಜರ್ 2 ನೌಕೆ ಅಲ್ಲಿಗೆ ಹೋದಾಗ ಬಿಸಿಲಿಗೆ ಮುಖಮಾಡಿದ್ದ ದಕ್ಷಿಣ ಧ್ರುವಕ್ಕೂ ಸಮಭಾಜಕಕ್ಕೂ ಉಷ್ಣತೆಯಲ್ಲಿ ಅಂಥ ಅಂತರವೇ ಕಾಣಲಿಲ್ಲ. ವಾಲುವಿಕೆಯನ್ನಷ್ಟೇ ನಂಬಿದವರಿಗೆ ಇದು ಅರ್ಥವಾಗುವುದಿಲ್ಲ.

ಕರಾವಳಿಯವಳಾದ ನನಗೆ ಅತ್ಯಂತ ಆಪ್ತವೆನಿಸುವುದು ಶನಿಯ ಉಪಗ್ರಹ ಟೈಟನ್. ಶನಿಯ ಒಂದು ವರ್ಷವೆಂದರೆ ನಮ್ಮ 29 ವರ್ಷಕ್ಕೂ ಹೆಚ್ಚು, ಒಂದೊಂದು ಋತುವಿಗೆ ಏಳು ವರ್ಷ. ಅಲ್ಲಿ ಸುರಿಯುವುದು ನೀರಲ್ಲ, ದ್ರವ ಮೀಥೇನ್. 2004ರಲ್ಲಿ ಕ್ಯಾಸಿನಿ ನೌಕೆ ತಲುಪಿದಾಗ ಬೇಸಿಗೆಯಲ್ಲಿದ್ದ ದಕ್ಷಿಣ ಧ್ರುವದ ಮೇಲೆ ಮೋಡಗಳಿದ್ದವು. 2009ರ ಆಗಸ್ಟ್‌ನಲ್ಲಿ ಸೂರ್ಯ ಸಮಭಾಜಕವನ್ನು ದಾಟಿದ ಮರುವರ್ಷ, ಮಳೆಗಾಳಿಯೂ ಅವನ ಬೆನ್ನು ಹಿಡಿದು ಬಂದಂತೆ, ಸಮಭಾಜಕದ ಒಣ ಮರಳುದಿಬ್ಬಗಳ ಸೀಮೆಯಲ್ಲಿ ಮಳೆಯಾಯಿತು. ಜೂನ್‌ನ ಮೊದಲ ಮಳೆಗೆ ನಮ್ಮ ಕೆಂಪುಕಲ್ಲಿನ ಅಂಗಳ ಗಾಢವಾಗುವ ಹಾಗೆ ಆ ಚಿತ್ರಗಳಲ್ಲಿ ನೆಲ ಒಮ್ಮೆಲೇ ಕಪ್ಪಾಗಿ, ತಿಂಗಳುಗಳು ಕಳೆದಂತೆ ಮೆಲ್ಲನೆ ತಿಳಿಯಾಯಿತು.